ಪರರ ಕುದುರೆ, ನಮ್ಮ ಲಾಯ: ತುರಿಕೆಯ ಕುದುರೆಯನ್ನು ನೋಡಿಕೊಳ್ಳುವ ಬಗೆ



ಬ್ರಿಟನ್ನಿನಲ್ಲಿ ಅನೇಕ ರೈತರು ತಮ್ಮ ಹಳೆಯ ಕೊಟ್ಟಿಗೆಗಳನ್ನು ಲಾಯ ಮಾಡಿ, ಪರರ ಕುದುರೆಗಳನ್ನು ವಾರದ ಇಲ್ಲವೆ ತಿಂಗಳ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ಇದಕ್ಕೆ ‘ಲಿವರಿ ಯಾರ್ಡ್’ ಎಂದು ಹೆಸರು. ಕೆಲವು ಕಡೆ ಮೇವು, ನೀರು, ಶುಚಿ ಎಲ್ಲವೂ ರೈತನ ಹೊಣೆ. ಕೆಲವು ಕಡೆ ರೈತನದು ಜಾಗ ಮಾತ್ರ. ದಿನದ ಚಾಕರಿಯನ್ನು ಒಡೆಯನೇ ಬಂದು ಮಾಡಿ ಹೋಗುತ್ತಾನೆ. ಇಂಥ ಲಾಯಕ್ಕೆ ಚರ್ಮದ ಅಲರ್ಜಿಯುಳ್ಳ ಕುದುರೆ ಬಂದರೆ ಏನು ಮಾಡಬೇಕೆಂಬುದು ಈ ಪಾಠದ ವಿಷಯ. ನಮ್ಮಲ್ಲಿ ಕುದುರೆ ಸಾಕುವವರು ಕಡಮೆ. ಆದರೆ ಈ ತುರಿಕೆಗೆ ಕಾರಣವಾದ ಹುಳುವಿನ ಕುಲವು ನಮ್ಮ ಕುರಿಹಟ್ಟಿಗಳಲ್ಲಿಯೂ ಉಂಟು. ಆದ್ದರಿಂದ ಇದನ್ನು ತಿಳಿದಿರುವುದು ಲಾಭಕರ.

ತುರಿಕೆಗೆ ಕಾರಣವೇನು?

ಈ ಅಲರ್ಜಿಗೆ ಅಲ್ಲಿ ‘ಸ್ವೀಟ್ ಇಚ್’ ಎನ್ನುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಉದ್ದದ ಕ್ಯುಲಿಕಾಯ್ಡ್ಸ್ ಎಂಬ ನೊರಜು ಕಚ್ಚಿದಾಗ ಅದರ ಜೊಲ್ಲು ಕೆಲವು ಕುದುರೆಗಳ ಮೈಗೆ ಒಗ್ಗುವುದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ರೀಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಇದನ್ನು ಶೋಧಿಸಿ ತೋರಿಸಿದರು. ಕುದುರೆಯು ಕೇಸರವನ್ನೂ ಬಾಲದ ಬುಡವನ್ನೂ ಮರಕ್ಕೆ, ಬೇಲಿಗೆ ಉಜ್ಜಿ ಉಜ್ಜಿ ಕೂದಲು ಉದುರಿಸಿಕೊಳ್ಳುತ್ತದೆ, ರಕ್ತ ಬರುತ್ತದೆ, ಚರ್ಮ ದಪ್ಪವಾಗಿ ನೆರಿಗೆಗಟ್ಟುತ್ತದೆ.

ಇದು ಅಂಟುರೋಗವಲ್ಲ. ಆದರೆ ಕಜ್ಜಿ, ಹೇನು, ಹುಳುಕಡ್ಡಿಗಳು ಅಂಟುವಂಥವು, ಮತ್ತು ನೋಟಕ್ಕೆ ಇದರಂತೆಯೇ ಕಾಣಬಹುದು. ಆದ್ದರಿಂದ ಪಶುವೈದ್ಯರು ನೋಡಿ ಹೇಳುವ ತನಕ ಹೊಸ ಕುದುರೆಯನ್ನು ಬೇರೆ ಕಟ್ಟಬೇಕು. ವೈದ್ಯರ ಮಾತನ್ನು ಉಳಿದ ಒಡೆಯರಿಗೂ ತಿಳಿಸಬೇಕು. ಇಲ್ಲವಾದರೆ ಅಂಟೀತೆಂಬ ಭಯದಿಂದ ಅವರು ತಮ್ಮ ಕುದುರೆಗಳನ್ನು ಹೊಡೆದುಕೊಂಡು ಹೋಗುವರು. ರೈತನ ಬಾಡಿಗೆ ನಿಲ್ಲುವುದು.

ಹೊತ್ತು ನೋಡಿ ಕಟ್ಟಿರಿ

ನೊರಜು ಹೆಚ್ಚಾಗಿ ಕಚ್ಚುವುದು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಬ್ರಿಟನ್ನಿನಲ್ಲಿ ಜೂನ್ ತಿಂಗಳು ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಮೇಲೆ, ಮೂಡುವುದು ಐದರೊಳಗೆ. ಅಷ್ಟು ಹೊತ್ತಿಗೆ ದೂರದ ಊರಿನ ಒಡೆಯನು ಲಾಯದಲ್ಲಿ ಇರಲಾರ. ಇದಲ್ಲದೆ, ಹಗಲಿನ ಬಿಸಿಲನ್ನೂ ನೊಣವನ್ನೂ ತಪ್ಪಿಸಲು ಬೇಸಿಗೆಯಲ್ಲಿ ಕುದುರೆಗಳನ್ನು ರಾತ್ರಿಯೆಲ್ಲ ಹೊರಗೆ ಬಿಡುವ ರೂಢಿ ಅಲ್ಲಿ ಬಹು ಲಾಯಗಳಲ್ಲಿ ಉಂಟು. ಉಳಿದ ಕುದುರೆಗಳಿಗೆ ಅದು ಹಿತ. ತುರಿಕೆಯ ಕುದುರೆಗೆ ಅದೇ ಕೇಡು. ಅದನ್ನು ಮುಸ್ಸಂಜೆಗೆ ಮುಂಚೆ ಒಳಗೆ ಕಟ್ಟಿ, ಬಿಸಿಲೇರಿದ ಮೇಲೆ ಹೊರಗೆ ಬಿಡಬೇಕು.

ಜಾಗ ನೋಡಿ ಬಿಡಿರಿ

ನೊರಜು ಹುಟ್ಟುವುದು ಕೆಸರು, ಕೊಳೆತ ಎಲೆ, ಸಗಣಿ ಬೆರೆತ ಒದ್ದೆ ನೆಲದಲ್ಲಿ. ಅದಕ್ಕೆ ಹಾರುವ ಬಲ ಕಡಮೆ. ಗಾಳಿ ಬೀಸುವಲ್ಲಿ ನಿಲ್ಲಲಾರದು. ಆದ್ದರಿಂದ:

1. ಹಳ್ಳದ ಬದಿಯನ್ನು ಬಿಟ್ಟು ಎತ್ತರದ, ಗಾಳಿಯಾಡುವ ಒಣ ಹೊಲದಲ್ಲಿ ಮೇಯಿಸಬೇಕು.
2. ತಿಪ್ಪೆ ಲಾಯದಿಂದ ದೂರವಿರಬೇಕು. ನೀರಿನ ತೊಟ್ಟಿ ಸೋರಬಾರದು.
3. ಲಾಯದಲ್ಲಿ ವಿದ್ಯುತ್ ಪಂಖ ತಿರುಗಿಸಿದರೆ ನೊರಜು ಹತ್ತಿರ ಬರಲಾರದು. ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿ ಅದು ತೂರಿ ಬರುತ್ತದೆ. ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು.
4. ಕತ್ತು, ಹೊಟ್ಟೆ, ಬಾಲದ ಬುಡಗಳನ್ನು ಮುಚ್ಚುವ ತೆಳು ನೇಯ್ಗೆಯ ಹೊದಿಕೆಯನ್ನು ತುರಿಕೆ ತೊಡಗುವ ಮೊದಲೇ ಹೊದಿಸಬೇಕು. ಹರಿದಿದೆಯೇ ಎಂದು ದಿನವೂ ನೋಡಬೇಕು.

ಸ್ಟೀರಾಯ್ಡ್ ಔಷಧಿಯಿಂದ ತುರಿಕೆ ಇಳಿಯುತ್ತದೆ. ಆದರೆ ಕುದುರೆಗಳಲ್ಲಿ ಅದರಿಂದ ಗೊರಸಿನ ಉರಿಯೂತದ ಅಪಾಯವೂ ಉಂಟು; ವೈದ್ಯರನ್ನು ಕೇಳದೆ ಕೊಡಬಾರದು.

ಕರಾರು ಮೊದಲೇ ಆಗಲಿ

ದಿನವೂ ಎರಡು ಹೊತ್ತು ಕಟ್ಟಿ ಬಿಡುವುದು, ಹೊದಿಕೆ ನೋಡುವುದು ಹೆಚ್ಚಿನ ದುಡಿಮೆ. ಮುಸ್ಸಂಜೆಗೆ ಕಟ್ಟುವವರು ಯಾರು, ಅದಕ್ಕೆ ಕೂಲಿ ಎಷ್ಟು, ಹೊದಿಕೆ ಹರಿದರೆ ಯಾರ ಖರ್ಚು, ವೈದ್ಯರನ್ನು ಕರೆಯುವವರು ಯಾರು ಎಂಬುದನ್ನು ಕುದುರೆ ಬರುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಒಡೆಯನು ರೈತ ಕಟ್ಟಿಯಾನೆಂದೂ, ರೈತನು ಒಡೆಯ ಬಂದಾನೆಂದೂ ಸುಮ್ಮನಿದ್ದರೆ ನೋವು ತಿನ್ನುವುದು ಬಾಯಿಲ್ಲದ ಪ್ರಾಣಿ.

ನಮ್ಮ ಕುರಿಗಳಿಗೆ

ಕರ್ನಾಟಕದಲ್ಲಿ ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗವನ್ನು ಹರಡುವುದೂ ಇದೇ ಕುಲದ ನೊರಜು. ಅದು ಅಲರ್ಜಿಯಲ್ಲ, ವೈರಸ್ಸಿನ ರೋಗ. ಜ್ವರ, ತುಟಿ ಮೋರೆಗಳ ಬಾವು, ಬಾಯಿಹುಣ್ಣು, ಕುಂಟು ಅದರ ಲಕ್ಷಣಗಳು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಅದು ಹೆಚ್ಚು. ಇದಕ್ಕೆ ಲಸಿಕೆ ಇದೆ. ಮಳೆಗೆ ಮುಂಚೆಯೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಹಟ್ಟಿಯನ್ನು ಒಣ ದಿಣ್ಣೆಯ ಮೇಲೆ ಹಾಕಿರಿ. ಪರರ ಕುರಿಗಳನ್ನು ಪಾಲಿಗೆ ಸಾಕುವವರು ಲಸಿಕೆ ಹಾಕಿಸುವ ಹೊಣೆ ಯಾರದೆಂದು ಕುರಿ ಹಟ್ಟಿಗೆ ಬರುವ ದಿನವೇ ಗೊತ್ತು ಮಾಡಿಕೊಳ್ಳಿರಿ.