ಲಗ್ನಪತ್ರಿಕೆಗೆ ಇನ್‌ಸ್ಟಾಲ್ ಬಟನ್ ಇರುವುದಿಲ್ಲ

ಮದುವೆಯ ಕರೆಯೋಲೆ ಈಗ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಬರಲಿ, ಸಂತೋಷ. ತೆರೆಯುವ ಮೊದಲು ಆ ಫೈಲಿನ ಹೆಸರಿನ ಬಾಲ ಮಾತ್ರ ನೋಡಿಬಿಡಿ. ಪತ್ರಿಕೆಯಾದರೆ ಚಿತ್ರವೋ ವಿಡಿಯೋವೋ ಪಿಡಿಎಫೋ ಆಗಿರುತ್ತದೆ. ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಆಂಡ್ರಾಯ್ಡ್ ಫೋನಿಗೆ ಹಾಕುವ ಆ್ಯಪ್. ಫೋನು ಎಚ್ಚರಿಸುತ್ತದೆ, ಪಾಪ. ವಧೂವರರು ಯಾರೆಂದು ನೋಡುವ ಆತುರದಲ್ಲಿ ನಾವೇ ‘ಅಲೌ’, ‘ಅಲೌ’ ಎಂದು ಒತ್ತುತ್ತಾ ಹೋಗುತ್ತೇವೆ. ಎಸ್‌ಎಂಎಸ್ ಓದುವ ಅನುಮತಿ ಒಮ್ಮೆ ಸಿಕ್ಕಿತೋ, ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ. ನೀವು ಯಾರಿಗೂ ಒಟಿಪಿ ಹೇಳಿರುವುದಿಲ್ಲ. ದುಡ್ಡು ಮಾತ್ರ ಹೋಗಿರುತ್ತದೆ.

‘ಗೊತ್ತಿದ್ದವರೇ ಕಳಿಸಿದ್ದಾರಲ್ಲ’ ಎನ್ನಬೇಡಿ. ಅವರ ಫೋನೇ ಕಳ್ಳರ ವಶದಲ್ಲಿರಬಹುದು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಇಮೇಲ್ ಜಗತ್ತು ಸುತ್ತಿದ್ದೂ ಹೀಗೆಯೇ. ಪರಿಚಿತರ ವಿಳಾಸದಿಂದ ಪ್ರೇಮಪತ್ರ, ನೋಡಲು ಬರೀ ಟೆಕ್ಸ್ಟ್ ಫೈಲು. ಅದು ಪ್ರೋಗ್ರಾಮ್ ಎಂದು ಹೇಳುವ ಕೊನೆಯ ‘ವಿಬಿಎಸ್’ ಅನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುತ್ತಿತ್ತು. ತೆರೆದವರ ವಿಳಾಸಪಟ್ಟಿಗೆಲ್ಲ ಅದೇ ಪತ್ರ ತಾನಾಗಿಯೇ ಹೋಗುತ್ತಿತ್ತು.

ಅನುಮಾನ ಬಂದರೆ ಫೋನ್ ಮಾಡಿ ಕೇಳಿ. ಮದುವೆ ಮನೆಯವರಿಗೆ ಬೇಜಾರಾಗುವುದಿಲ್ಲ. ಅಕಸ್ಮಾತ್ ಇನ್‌ಸ್ಟಾಲ್ ಆಗಿಹೋಗಿದ್ದರೆ ತಕ್ಷಣ ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.