ಮೂಲೆ ಸೇರಿದ ತಂಬೂರಿಯ ಜೀರ್ಣೋದ್ಧಾರ

ಮಸ್ಕಿಯ ಹೆಸರು ಹೊರಗಿನ ವಿದ್ವಾಂಸರಲ್ಲಿ ಮನೆಮಾತಾದದ್ದು 1915ರಲ್ಲಿ ಇಲ್ಲಿಯ ಬಂಡೆಯ ಮೇಲೆ ದೊರೆತ ಅಶೋಕನ ಶಾಸನದಿಂದಲೇ ಆದರೂ, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ನಡುವಣ ಎರೆನೆಲದಲ್ಲಿ ಬೆಳೆದವರಿಗೆ ಅದಕ್ಕಿಂತ ನಿಕಟವಾದ ಪರಿಚಯವೆಂದರೆ ಅಮಾವಾಸ್ಯೆಯ ಇರುಳು ಮಠದ ಪಡಸಾಲೆಯಲ್ಲಿ ತತ್ತ್ವಪದಗಳ ಬೆನ್ನಿಗೆ ನಿಂತು ಝೇಂಕರಿಸುವ ತಂಬೂರಿಯದು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಹಾಡುವವರೂ ಮಾನ್ವಿಯ ಜಗನ್ನಾಥದಾಸರ ಕೃತಿಗಳನ್ನು ಹಾಡುವವರೂ, ತತ್ತ್ವದಲ್ಲಿ ಎಷ್ಟೇ ಭಿನ್ನರಾಗಿದ್ದರೂ, ಶ್ರುತಿಗೆ ಆಶ್ರಯಿಸಿದ್ದು ಇದೊಂದು ವಾದ್ಯವನ್ನೇ. ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆಯೂ ಮೊಬೈಲ್ ಫೋನೂ ಆ ಕೆಲಸವನ್ನು ವಹಿಸಿಕೊಂಡಿರುವುದರಿಂದ ಅಜ್ಜನ ಕಾಲದ ತಂಬೂರಿ ಗೋಡೆಯ ಮೊಳೆಗೆ ತೂಗುಬಿದ್ದು, ಬುರುಡೆ ಬಿರುಕುಬಿಟ್ಟು, ಬಿರಡೆ ಸಡಿಲಾಗಿ, ಧೂಳು ತಿನ್ನುತ್ತಿರುವ ಮನೆಗಳು ಅನೇಕವಿವೆ. ಬಡಗಿಯ ಮಗನಾಗಿ ಹುಟ್ಟದವನೂ ತಾಳ್ಮೆಯೊಂದಿದ್ದರೆ ಅಂಥ ವಾದ್ಯವನ್ನು ಮನೆಯಲ್ಲಿಯೇ ಮತ್ತೆ ನುಡಿಯುವಂತೆ ಮಾಡಬಲ್ಲನು.

ಕೈಹಾಕುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳತಕ್ಕದ್ದು. ಹವ್ಯಾಸಿಗಳಲ್ಲಿ ಬಹುಪಾಲು ಜನ ಮೊದಲು ಹಳೆಯ ಮೆರುಗನ್ನು ಉಜ್ಜಿ ತೆಗೆದು ಹೊಸ ಮೆರುಗನ್ನು ಬಳಿಯಲು ಹೊರಡುತ್ತಾರೆ. ವಾದ್ಯವೇನೋ ಮದುವೆಗೆ ಹೊರಟಂತೆ ಥಳಥಳಿಸುತ್ತದೆ, ಆದರೆ ಮೀಟಿದರೆ ಮೊದಲಿನ ಮೊಂಡು ದನಿಯೇ. ತಂಬೂರಿಯ ಪ್ರಾಣವಿರುವುದು ಮುಚ್ಚಳದ ಮೇಲೆ ನಿಂತು ತಂತಿಗಳನ್ನು ಹೊರುವ ಕುದುರೆಯ ಮೇಲಿನ ಎರಡು ಬೆರಳಗಲದ ಜಾಗದಲ್ಲಿ. ನಿಮಗಿರುವ ಬಿಡುವಿನಲ್ಲಿ ಅರ್ಧವನ್ನು ಆ ಎರಡು ಬೆರಳಿಗೇ ಮೀಸಲಿಡಿರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲನೆಯ ಕೆಲಸ ನೋಡುವುದು. ವಾದ್ಯವನ್ನು ಹಗಲು ಬೆಳಕಿಗೆ ತಂದು, ಬೆರಳ ಗೆಣ್ಣಿನಿಂದ ಬುರುಡೆಯನ್ನೂ ಅದರ ಮೇಲಿನ ಮರದ ಮುಚ್ಚಳವನ್ನೂ ಅಲ್ಲಲ್ಲಿ ತಟ್ಟುತ್ತ ಬಂದರೆ, ಅಂಟು ಬಿಟ್ಟಿರುವ ಜಾಗದಲ್ಲಿ ಜರ್ಝರಿತವಾದ ಒಂದು ಸದ್ದು ಕೇಳಿಬರುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಬೇಕು. ಸಣ್ಣ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ಹುಳು ಇನ್ನೂ ಬದುಕಿದೆಯೆಂದು ತಿಳಿಯಬೇಕು. ದಂಡಿಯೂ ಬುರುಡೆಯೂ ಕೂಡುವ ಸಂದಿನಲ್ಲಿ ಬಾಯಿ ತೆರೆದಿದ್ದರೆ, ಅಥವಾ ಕುದುರೆಯ ಕೆಳಗೆ ಮುಚ್ಚಳ ಕುಸಿದಿದ್ದರೆ, ಅದು ಮನೆಯ ಕೆಲಸವಲ್ಲ. ಅಂಥ ವಾದ್ಯ ಮಿರಜಿಗೆ ಹೋಗಬೇಕು. ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ಕಸುಬನ್ನು ನೆಲೆಗೊಳಿಸಿದಂದಿನಿಂದ ನಮ್ಮ ಉತ್ತರ ಕರ್ನಾಟಕದ ಗವಾಯಿಗಳೆಲ್ಲರ ತಂಬೂರಿಗಳ ತವರೂರು ಅದೇ. ಅಲ್ಲಿಯ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಎರಡನೆಯದು ತಂತಿ ಇಳಿಸುವುದು. ನಾಲ್ಕು ಬಿರಡೆಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿಯೇ ಸಡಿಲಿಸಬೇಕಲ್ಲದೆ ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗಕೂಡದು. ಕುದುರೆ ಬಹುಮಟ್ಟಿಗೆ ತಂತಿಗಳ ಒತ್ತಡದಿಂದಲೇ ನಿಂತಿರುವುದರಿಂದ, ಬಿಚ್ಚುವ ಮೊದಲು ಅದರ ನಾಲ್ಕು ಮೂಲೆಗಳಿಗೂ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವುದು ಅವಶ್ಯಕ. ತುಕ್ಕು ಹಿಡಿದ ತಂತಿಯನ್ನು ಎಸೆಯಬೇಡಿರಿ. ಯಾವ ಬಿರಡೆಯದು ಎಂದು ಚೀಟಿ ಅಂಟಿಸಿ ಇಟ್ಟುಕೊಂಡರೆ ಅಂಗಡಿಯಲ್ಲಿ ಅದೇ ದಪ್ಪದ ತಂತಿಯನ್ನು ಅಳೆದು ಕೊಳ್ಳಬಹುದು.

ಇನ್ನು ಬಿರುಕಿನ ವಿಷಯ. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲು ಒಣ ಬುರುಡೆಯ ಕೊನೆಯ ಹನಿ ಪಸೆಯನ್ನೂ ಹೀರಿಬಿಡುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ನಿಂತ ಭತ್ತದ ಗದ್ದೆಗಳ ಊರುಗಳಲ್ಲಿ, ಅದೇ ಬುರುಡೆ ಮತ್ತೆ ತೇವವನ್ನು ಕುಡಿದು ಹಿಗ್ಗುತ್ತದೆ. ಹೀಗೆ ವರ್ಷವರ್ಷವೂ ಹಿಗ್ಗಿ ಕುಗ್ಗಿದ ಮೇಲೆ ಅದು ಸೀಳದಿದ್ದರೇ ಆಶ್ಚರ್ಯ. ಕೂದಲೆಳೆಯಂಥ ಬಿರುಕಿಗೆ ತೆಳುವಾದ ಸರೇಸಿನ ಅಂಟನ್ನು ಬಿಸಿಯಾಗಿರುವಾಗಲೇ ಸಣ್ಣ ಕುಂಚದಿಂದ ಊಡಿ, ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಬುರುಡೆಯ ಸುತ್ತ ಎಳೆದು ಸುತ್ತಿ, ಒಂದು ಹಗಲು ಒಂದು ಇರುಳು ಹಾಗೆಯೇ ಬಿಡಬೇಕು. ಈ ರಬ್ಬರಿನ ಪಟ್ಟಿ ಗುಂಡಾದ ಮೈಯನ್ನು ಎಲ್ಲ ಕಡೆಯಿಂದಲೂ ಸಮನಾಗಿ ಅಪ್ಪುವಂತೆ ಯಾವ ಕಬ್ಬಿಣದ ಹಿಡಿಕೆಯೂ ಅಪ್ಪಲಾರದು. ಅಗಲವಾದ ಬಿರುಕಿಗೆ ಬೇರೊಂದು ಒಣ ಸೋರೆಬುರುಡೆಯ ಚೂರನ್ನು ಸೀಳಿನ ಆಕಾರಕ್ಕೆ ಕೆತ್ತಿ ಕೂಡಿಸಿ, ಉಳಿದ ಸಂದನ್ನು ಬುರುಡೆಯನ್ನೇ ಅರದಿಂದ ತಿಕ್ಕಿದ ಪುಡಿ ಮತ್ತು ಅಂಟು ಕಲಸಿದ ಮೆತ್ತೆಯಿಂದ ತುಂಬಬೇಕು. ಫೆವಿಕಾಲ್ ಸುಲಭವಾಗಿ ಸಿಕ್ಕುತ್ತದೆ, ಗಟ್ಟಿಯಾಗಿಯೂ ಹಿಡಿಯುತ್ತದೆ. ಆದರೂ ನನ್ನ ಒಲವು ಸರೇಸಿನ ಕಡೆಗೇ, ಏಕೆಂದರೆ ಮುಂದೊಂದು ದಿನ ನುರಿತ ಕೈಯೊಂದು ಈ ಬೆಸುಗೆಯನ್ನು ಬಿಚ್ಚಬೇಕಾಗಿ ಬಂದರೆ ಬಿಸಿನೀರಿನ ಬಟ್ಟೆಯ ಶಾಖಕ್ಕೇ ಅದು ಸೋಲುತ್ತದೆ.

ಬಿರಡೆಗಳ ಕೆಲಸ ಚಿಕ್ಕದು. ಬಿರಡೆಗೆ ಸೀಮೆಸುಣ್ಣ ಬಳಿದು ರಂಧ್ರದಲ್ಲಿ ಎರಡು ಸುತ್ತು ತಿರುಗಿಸಿ ಹೊರತೆಗೆದರೆ ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ಮಾತ್ರ ಅದು ಮರಕ್ಕೆ ತಾಕುತ್ತಿದೆಯೆಂದು ಗೊತ್ತಾಗುತ್ತದೆ. ಆ ಉಬ್ಬನ್ನು ನಯವಾದ ಉಪ್ಪುಕಾಗದದಿಂದ ತಗ್ಗಿಸುತ್ತ ಬಂದರೆ ಬಿರಡೆ ಉದ್ದಕ್ಕೂ ಕೂಡುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ, ಬಿಗಿಯಾದ ಬಿರಡೆಗೆ ಒಣ ಸಾಬೂನು, ಇವೆರಡೇ ಔಷಧ. ಎಣ್ಣೆಯನ್ನು ಮಾತ್ರ ಎಂದಿಗೂ ಹಾಕಬಾರದು.

ಮೆರುಗನ್ನು ತಂತಿ ಏರಿಸುವ ಮೊದಲೇ ಮುಗಿಸಬೇಕಾದುದರಿಂದ ಅದರ ಮಾತನ್ನು ಇಲ್ಲಿಯೇ ಆಡಿಬಿಡುತ್ತೇನೆ. ಹಳೆಯ ತಂಬೂರಿಗಳ ಮೆರುಗು ಬಹುತೇಕ ಅರಗಿನದು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಮುತ್ತುಗ, ಬೋರೆಗಳಂಥ ಮರಗಳ ಟೊಂಗೆಗಳ ಮೇಲೆ ಅರಗಿನ ಹುಳು ಸ್ರವಿಸುವ ವಸ್ತುವನ್ನೇ ಶುದ್ಧಿಮಾಡಿ ಹಾಳೆಯಾಗಿಸಿ ಮಾರುತ್ತಾರೆ. ಬಿರಡೆಗಳ ಹಿಂಬದಿಯಂಥ ಮರೆಯ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿ ನೋಡಿರಿ. ಮೇಲ್ಮೈ ಅಂಟಂಟಾದರೆ ಅದು ಅರಗು. ಆಗ ಉಜ್ಜಿ ತೆಗೆಯುವ ಗೋಜೇ ಇಲ್ಲ, ಹೊಸ ಅರಗು ಹಳೆಯದನ್ನು ಕರಗಿಸಿಕೊಂಡು ಅದರೊಡನೆ ಒಂದಾಗುತ್ತದೆ. ಅಂಟಾಗದಿದ್ದರೆ ಅದು ಬೇರೆ ಜಾತಿಯ ವಾರ್ನಿಷ್. ಅದನ್ನು ಒದ್ದೆ ಬಟ್ಟೆಯಿಂದ ಒರಸಿ ಅದರ ಪಾಡಿಗೆ ಬಿಡುವುದು ಜಾಣತನ. ಬಣ್ಣದ ಅಂಗಡಿಯಲ್ಲಿ ಸಿಕ್ಕುವ ಅರಗಿನ ಚಕ್ಕೆಯನ್ನು ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 120 ಗ್ರಾಂ ಪ್ರಮಾಣದಲ್ಲಿ ಒಂದು ರಾತ್ರಿ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ, ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಅದರಿಂದ ನಿಲ್ಲದೆ, ಹಿಂದಿರುಗದೆ, ಒಂದೇ ಓಟದಲ್ಲಿ ಸವರಬೇಕು. ಉಂಡೆ ಹಿಡಿದರೆ ಒಂದು ತೊಟ್ಟು ಅಗಸಿ ಎಣ್ಣೆ ಸಾಕು. ಮಳೆ ಹಿಡಿದ ದಿನ ಈ ಕೆಲಸ ಬೇಡ. ಗಾಳಿಯ ತೇವ ಕೂಡಿ ಮೆರುಗು ಬೆಳ್ಳಗೆ ಮಂಕಾಗುತ್ತದೆ. ಮರಗೆಲಸದ ಸ್ಪಿರಿಟ್ ವಿಷವೆಂಬುದನ್ನೂ, ಒಲೆಯ ಬಳಿ ತಂದರೆ ಹೊತ್ತಿಕೊಳ್ಳುವುದೆಂಬುದನ್ನೂ, ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರವಿ ಒಣಗಿಸಬೇಕೆಂಬುದನ್ನೂ ಮನೆಯವರೆಲ್ಲರಿಗೂ ತಿಳಿಸಿರಬೇಕು. ಕುದುರೆಯ ನೆತ್ತಿಗೂ ಬಿರಡೆಯ ರಂಧ್ರಗಳಿಗೂ ಮೆರುಗು ಸೋಕಕೂಡದು. ಮುಚ್ಚಳದ ಮೇಲೆ ಅದು ಎಷ್ಟು ತೆಳುವೋ ನಾದಕ್ಕೆ ಅಷ್ಟು ಹಿತ.

ಈಗ ಕುದುರೆ. ಅದರ ವಿಶೇಷ ಒಂದು ಹೋಲಿಕೆಯಿಂದ ತಿಳಿದೀತು. ಬೆಂಗಳೂರು, ಮೈಸೂರುಗಳ ಯುವಕರಲ್ಲಿ ಬೇಸ್ ಗಿಟಾರನ್ನು ತಾವೇ ಬಿಚ್ಚಿ ಕಟ್ಟುವ ಹವ್ಯಾಸವುಳ್ಳವರಿದ್ದಾರೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪೇಟೆಗೆ ತಂದ ಆ ವಾದ್ಯಕ್ಕೂ ನಾಲ್ಕು ತಂತಿ, ಅದರ ಕೆಲಸವೂ ಹಾಡಿಗೆ ಕೆಳಗಿನಿಂದ ಆಧಾರ ಕೊಡುವುದೇ. ಅದರ ಕೊರಳೊಳಗೆ ಉಕ್ಕಿನ ಸಲಾಕೆಯಿದ್ದು ತಿರುಪನ್ನು ತಿರುಗಿಸಿ ಬಾಗನ್ನು ತಿದ್ದಬಹುದು. ತಂತಿಯೂ ಕುದುರೆಯ ಚೂಪು ಅಂಚನ್ನು ಮುಟ್ಟಿದೊಡನೆ ಬಿಟ್ಟುಹೋಗುವಂತೆ ಅದನ್ನು ರಚಿಸಿದ್ದಾರೆ, ಝರಝರ ಸದ್ದು ಬಂದರೆ ಅವರಿಗೆ ಅದು ದೋಷ. ನಮ್ಮ ತಂಬೂರಿಯಲ್ಲಿ ಎಲ್ಲವೂ ವಿಪರ್ಯಾಸ. ಕುದುರೆಯ ನೆತ್ತಿ ಅಗಲವಾಗಿ, ಕಣ್ಣಿಗೆ ಸಮತಟ್ಟೆಂದೇ ತೋರುವಷ್ಟು ಸೂಕ್ಷ್ಮವಾಗಿ ದಂಡಿಯ ಕಡೆಗೆ ಇಳಿಜಾರಾಗಿದ್ದು, ಕಂಪಿಸುವ ತಂತಿ ಆ ಇಳಿಜಾರನ್ನು ಕ್ಷಣಕ್ಷಣಕ್ಕೂ ಸವರಿ ಬಿಡುವುದರಿಂದಲೇ ಜವಾರಿ ಎಂಬ ಝೇಂಕಾರ ಹುಟ್ಟುತ್ತದೆ. ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ವೈಚಿತ್ರ್ಯವನ್ನು ಎತ್ತಿ ತೋರಿಸಿದರು: ಸಾಮಾನ್ಯ ತಂತಿಯನ್ನು ನಟ್ಟನಡುವೆ ಮೀಟಿದರೆ ಏಳಕೂಡದೆಂದು ಶಾಸ್ತ್ರ ಹೇಳುವ ಅನುಸ್ವರಗಳು ತಂಬೂರಿಯಲ್ಲಿ ಸ್ಫುಟವಾಗಿ ಏಳುತ್ತವೆ.

ತಂತಿಗಳನ್ನು ಏರಿಸಿರಿ. ಗಂಡುದನಿಗೆ ಹಾರ್ಮೋನಿಯಮ್ಮಿನ ಕರಿ ಒಂದರ ಶ್ರುತಿಯಾದರೆ, ಮೊದಲನೆಯದು ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯ ಹಿತ್ತಾಳೆಯ ದಪ್ಪ ತಂತಿ ಖರ್ಜ. ಜೋಡಿ ಸೆಕೆಂಡಿಗೆ ಸುಮಾರು 139 ಸಲ ಕಂಪಿಸಿದರೆ ಖರ್ಜ ಅದರ ಅರ್ಧ. ಏರಿಸುವಾಗ ಮುಖವನ್ನು ತಂತಿಯ ನೇರದಿಂದ ದೂರವಿಡಿರಿ. ಕಡಿದ ತಂತಿ ಕಣ್ಣಿಗೆ ಅಪಾಯ. ಒಂದು ದಿನ ಎಳೆತಕ್ಕೆ ಒಗ್ಗಲು ಬಿಟ್ಟು ತರುವಾಯ ಶ್ರುತಿ ಮಾಡಿ, ತಂತಿಯ ಕೆಳಗೆ ಹತ್ತಿಯ ನೂಲನ್ನು, ಅಂದರೆ ಜೀವಾಳವನ್ನು, ತೂರಿಸಿ ಕುದುರೆಯ ಮುಂಗಡೆಯ ಅಂಚಿನಿಂದ ಹಿಂದಕ್ಕೆ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಸರಿಸುತ್ತ ಮೀಟುತ್ತ ಬನ್ನಿರಿ. ಎಲ್ಲೋ ಒಂದೆಡೆ ದನಿ ಇದ್ದಕ್ಕಿದ್ದಂತೆ ಅರಳಿಕೊಂಡರೆ ಕುದುರೆ ಸರಿಯಾಗಿದೆ, ನೂಲನ್ನು ಅಲ್ಲಿಯೇ ನಿಲ್ಲಿಸಿದರಾಯಿತು. ಎಲ್ಲಿಯೂ ಅರಳದಿದ್ದರೆ ವರ್ಷಗಳ ತಿಕ್ಕಾಟದಿಂದ ತಂತಿ ತೋಡಿದ ಗೆರೆ ಕುದುರೆಯಲ್ಲಿ ಬಿದ್ದಿದೆಯೆಂದೇ ಅರ್ಥ. ಆಗ ತಂತಿಯನ್ನು ಪಕ್ಕಕ್ಕೆ ಸರಿಸಿ, ನೆತ್ತಿಯ ಮೇಲೆಲ್ಲ ಪೆನ್ಸಿಲಿನಿಂದ ಗೀರಿ, ತಂತಿಯನ್ನು ಮತ್ತೆ ಕೂರಿಸಿ ಸ್ವಲ್ಪ ಹೊತ್ತು ಬಲವಾಗಿ ಮೀಟಿ ನೋಡಿದರೆ, ಸೀಸದ ಗೀರು ಎಲ್ಲಿ ಅಳಿದಿದೆಯೋ ಅದೇ ತಂತಿ ತಾಕುವ ಜಾಗ. ತಾಕಬೇಕಾದದ್ದು ಹಿಂದಿನಿಂದ ಮುಂದಕ್ಕೆ ಸಾಗುವ ಒಂದೇ ಅಖಂಡವಾದ ಪಟ್ಟೆ. ನಡುವೆ ಅಳಿಯದೆ ಉಳಿದ ತೇಪೆ ಕಂಡರೆ ಅಲ್ಲಿ ತಗ್ಗಿದೆ, ಸುತ್ತಲಿನದನ್ನು ಅದರ ಮಟ್ಟಕ್ಕೆ ಇಳಿಸಬೇಕು. ನಯವಾದ ಅರದಿಂದ ಎರಡೇ ಎಳೆತ, ಅನಂತರ ಚಪ್ಪಟೆ ಮರಕ್ಕೆ ಸುತ್ತಿದ 400ರ ಉಪ್ಪುಕಾಗದ, ಕೊನೆಗೆ 1000ದ್ದು. ಮತ್ತೆ ತಂತಿ, ಮತ್ತೆ ಕಿವಿ. ತೆಗೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲವಾದುದರಿಂದ ಬೇಸರ ಬಂದ ಕೂಡಲೇ ಅರವನ್ನು ಕೆಳಗಿಡುವುದು ಉತ್ತಮ. ಹಳೆಯ ಕುದುರೆ ಸವೆದು ತೀರಾ ತೆಳ್ಳಗಾಗಿದ್ದರೆ ಒಂಟೆಯ ಮೂಳೆಯದೋ ಗಟ್ಟಿಮರದ್ದೋ ಹೊಸದನ್ನು ತರಿಸಬಹುದು. ಜಿಂಕೆಯ ಕೊಂಬನ್ನೂ ಆನೆಯ ದಂತವನ್ನೂ ಹುಡುಕಿಕೊಂಡು ಹೋಗಬೇಡಿರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವುದು ಅಂಥ ಆಸೆಗಳನ್ನು ತಡೆಯುವುದಕ್ಕೇ.

ಇಷ್ಟು ಧೈರ್ಯ ಸಾಲದವರು ಮೊದಲು ಏಕತಾರಿಯೊಂದನ್ನು ಕಟ್ಟಿ ಕೈ ಪಳಗಿಸಿಕೊಳ್ಳಬಹುದು. ಕಹಿ ಸೋರೆಯ ಬಲಿತ ಕಾಯಿ ಬಳ್ಳಿಯಲ್ಲಿಯೇ ಒಣಗಿ, ಅಲುಗಿಸಿದರೆ ಬೀಜ ಗಲಗಲ ಎನ್ನುವಾಗ ಕೊಯ್ದು, ಬಾಯಿ ಕೊರೆದು, ಒಳಗಿನ ಜುಂಗನ್ನು ಕೆರೆದು, ನೆರಳಿನಲ್ಲಿ ಮತ್ತಷ್ಟು ಒಣಗಿಸಿ, ತೆಳುವಾದ ಮರದ ಮುಚ್ಚಳ ಅಂಟಿಸಿ, ಬಿದಿರಿನ ದಂಡಿ ತೂರಿಸಿ, ಒಂದು ಬಿರಡೆ ಒಂದು ತಂತಿ ಹೂಡಿದರೆ ವಾದ್ಯ ಸಿದ್ಧ. ಕೆಟ್ಟರೆ ಹೋದದ್ದು ಒಂದು ಸೋರೆಕಾಯಿ.

ಹಾಡುಗಾರಿಕೆ ಮುಗಿದ ಮೇಲೆ ಬಿರಡೆಗಳನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆಯ ಗವಸಣಿಗೆ ಹಾಕಿ, ಪಡುವಣ ಬಿಸಿಲು ಬಡಿಯುವ ಗೋಡೆಯನ್ನೂ ಒಲೆಯ ನೆತ್ತಿಯನ್ನೂ ಬಿಟ್ಟು ಒಳಗೋಡೆಯಲ್ಲಿ ತೂಗುಹಾಕಿರಿ. ಮಠಮಂದಿರಗಳ ತಂಬೂರಿಯಾದರೆ ಅದರ ಮೇಲಿನ ಹಳೆಯ ಬರಹ, ದಾನಿಗಳ ಹೆಸರು, ವಿಭೂತಿಯ ಕಲೆ ಯಾವುದನ್ನೂ ಅಳಿಸಬಾರದು. ಮಿರಜಿಗೆ ಕಳುಹಿಸಬೇಕಾಗಿ ಬಂದರೆ ತಂತಿ ಸಡಿಲಿಸಿ, ಕುದುರೆಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಬುರುಡೆಯ ಸುತ್ತ ಭತ್ತದ ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ಕಳುಹಿಸುವುದು ಸರಿ. ಬಸ್ಸಿನ ಮಾಳಿಗೆಯ ಮೇಲೆ ಮಾತ್ರ ಕಟ್ಟಿಸಬೇಡಿರಿ.