ಕುಪ್ಯ ತೊಡುವವರಿಗೆ, ದುಡಿ ಹಿಡಿಯುವವರಿಗೆ ಕಟ್ಟುನಿಟ್ಟಿನ ಸೂಚನೆ

ಸುಗ್ಗಿಯ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಮುಚ್ಚಿದ್ದ ಕಪಾಟುಗಳು ತೆರೆಯುತ್ತವೆ. ಹಬ್ಬದ ಬೆನ್ನಿಗೇ ಮದುವೆಗಳ ಸಾಲು. ಬೆಂಗಳೂರಿನಿಂದಲೋ ದುಬೈಯಿಂದಲೋ ಬಂದಿಳಿದ ಹುಡುಗರು ತಾತನ ನಿಲುವಂಗಿ ಕುಪ್ಯ ಹುಡುಕುತ್ತಾರೆ, ಅಟ್ಟದ ಮೇಲಿನ ಪುಟ್ಟ ಚರ್ಮವಾದ್ಯ ದುಡಿ ಇಳಿಸುತ್ತಾರೆ. ಕುಪ್ಯದ ಬೆನ್ನಿಗೆ ಬೂಷ್ಟು ಹಿಡಿದಿದೆ, ದುಡಿಯ ಚರ್ಮವನ್ನು ಇಲಿ ಕಡಿದಿದೆ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಒರೆಯಿಂದ ಈಚೆಗೆ ಬರುವುದೇ ಇಲ್ಲ. ಇದನ್ನೆಲ್ಲ ಹಬ್ಬದ ಬೆಳಿಗ್ಗೆ ಸರಿಪಡಿಸಲಾಗದು. ಅದಕ್ಕೇ ಈ ಸೂಚನೆ. ಚರ್ಚೆಗೆ ಇಟ್ಟದ್ದಲ್ಲ, ಪಾಲಿಸಬೇಕು.

ಉಡುಪು

ಕುಪ್ಯ ಕಪ್ಪು. ಬಿಳಿ ಕುಪ್ಯ ಮದುಮಗನದು. ತೀರಿಕೊಂಡವರಿಗೆ ಕೊನೆಯಲ್ಲಿ ತೊಡಿಸುವುದೂ ಅದನ್ನೇ. ಫೋಟೋದಲ್ಲಿ ಎದ್ದು ಕಾಣುತ್ತದೆ ಎಂದು ನೆಂಟನಾಗಿ ಬಂದವನು ಬಿಳಿ ತೊಟ್ಟು ಮದುವೆಮನೆಯಲ್ಲಿ ಓಡಾಡಬಾರದು.

ಒಳಗೆ ತೋಳು ತುಂಬ ಬಿಳಿ ಷರಟು ಹಾಕಬೇಕು. ಕುಪ್ಯದ ತೋಳು ಗಿಡ್ಡ. ಒಳಗಿನದು ಕಂಡೇ ಕಾಣುತ್ತದೆ. ಬಣ್ಣದ ಟೀ ಷರಟು ಬೇಡ, ಕೆಳಗೆ ಹರಿದ ಜೀನ್ಸ್ ಬೇಡವೇ ಬೇಡ.

ಸೊಂಟದ ರೇಷ್ಮೆ ಪಟ್ಟಿ ಚೇಲೆಯನ್ನು ಸುತ್ತಿ ಕಟ್ಟಬೇಕು. ಸೇಫ್ಟಿ ಪಿನ್ ಚುಚ್ಚಬಾರದು. ಹಳೆಯ ರೇಷ್ಮೆ ಒಮ್ಮೆ ಎಳೆ ಬಿಟ್ಟರೆ ಮುಗಿಯಿತು. ಕಟ್ಟಲು ಬರದಿದ್ದರೆ ಮನೆಯ ಹಿರಿಯರ ಮುಂದೆ ನಿಂತು ಕಲಿಯಿರಿ. ಅವರಿಗೂ ಅದರಲ್ಲಿ ಸಂತೋಷವಿದೆ. ಚೇಲೆಯ ಮೇಲೆ ಸೆಂಟ್ ಹೊಡೆಯಬಾರದು, ಜರಿ ಕಪ್ಪಿಡುತ್ತದೆ.

ಪೀಚೆಕತ್ತಿ ಮುಂದೆ, ಅಗಲ ಅಲಗಿನ ಒಡಿಕತ್ತಿ ಹಿಂದೆ, ಅದನ್ನು ಸಿಕ್ಕಿಸುವ ತೋಡಂಗಿನಲ್ಲಿ. ಒಡಿಕತ್ತಿ ಸಿಕ್ಕಿಸಿಕೊಂಡು ಕುರ್ಚಿಗೆ ಒರಗಬಾರದು, ಊಟದ ಪಂಕ್ತಿಯಲ್ಲಿ ತಿರುತಿರುಗಿ ಮಾತಾಡಬಾರದು. ಹಿಂದೆ ಮಕ್ಕಳು ನಿಂತಿರುತ್ತಾರೆ.

ಇಡೀ ಉಡುಪನ್ನು ಫ್ಯಾನ್ಸಿ ಡ್ರೆಸ್‌ಗೆ, ರೆಸಾರ್ಟಿನ ಬಾಗಿಲಲ್ಲಿ ಸಲಾಮು ಹೊಡೆಯುವವರಿಗೆ, ಪ್ರವಾಸಿಗರ ಹತ್ತು ನಿಮಿಷದ ಫೋಟೋಗೆ ಬಾಡಿಗೆ ಕೊಡಬಾರದು. ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಕಿಲ್ಟನ್ನು ಲಂಡನ್ನಿನ ಸರ್ಕಾರ 1746ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅದು ತೆರವಾದದ್ದು 1782ರಲ್ಲಿ. ನಮ್ಮ ಕುಪ್ಯಕ್ಕೆ ಅಂಥ ಕಾಟವಿಲ್ಲ. ಅದು ಹಾಳಾಗುತ್ತಿರುವುದು ನಮ್ಮದೇ ಕಪಾಟಿನಲ್ಲಿ.

ಮಳೆಗಾಲದ ಕಾಪು

ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಇಲ್ಲಿ ಪ್ಲಾಸ್ಟಿಕ್ ಕವರು ಬಟ್ಟೆಯ ಶತ್ರು. ಒಳಗಿನ ತೇವ ಒಳಗೇ ಉಳಿದು ಬೂಷ್ಟಾಗುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಆಷಾಢದಲ್ಲಿ ಬಿಸಿಲು ಬಿದ್ದ ದಿನ ಹೊರತೆಗೆದು ನೆರಳಲ್ಲಿ ಗಾಳಿಗೆ ಹರವಿ. ನೇರ ಬಿಸಿಲಿಗೆ ಹಾಕಿದರೆ ಕಪ್ಪು ಕಂದಾಗುತ್ತದೆ.

ಪೀಚೆಕತ್ತಿಯ ಬೆಳ್ಳಿ ಸರಪಳಿಗೆ ರಬ್ಬರ್ ಬ್ಯಾಂಡ್ ಸುತ್ತಿಡುವ ಚಾಳಿ ಹಲವರಿಗಿದೆ. ಬಿಡಬೇಕು. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕತ್ತಿಯನ್ನು ಮಳೆಗಾಲವಿಡೀ ಒರೆಯೊಳಗೆ ಬಿಡಬಾರದು. ಎಣ್ಣೆ ಸವರಿ, ಬಟ್ಟೆ ಸುತ್ತಿ ಬೇರೆ ಇಡಿ. ಒರೆ ತೇವ ಹಿಡಿದಿಡುತ್ತದೆ, ಅಲಗು ಒಳಗೇ ತುಕ್ಕಾಗಿ ಕಚ್ಚಿಕೊಳ್ಳುತ್ತದೆ.

ಮದುವೆಯ ಶಾಸ್ತ್ರಕ್ಕೆ ಬಾಳೆ ಕಡಿದ ಒಡಿಕತ್ತಿಯನ್ನು ಆಗಲೇ ಒರೆಸಬೇಕು. ‘ಆಮೇಲೆ’ ಎಂದವರ ಕತ್ತಿಯ ಮೇಲೆ ಬಾಳೆಯ ಸೊನೆ ಕಪ್ಪು ಮಚ್ಚೆಯಾಗಿ ಕೂತಿರುವುದನ್ನು ಯಾವ ಮನೆಯಲ್ಲೂ ನೋಡಬಹುದು. ಕುಪ್ಯಕ್ಕೋ ಬಿಳಿ ಷರಟಿಗೋ ಸಿಡಿದರೆ ಆ ಕಲೆ ಹೋಗುವುದಿಲ್ಲ. ಕಡಿಯುವಾಗ ಸುತ್ತ ಜಾಗ ಬಿಡಿ. ಮೊಬೈಲ್ ಹಿಡಿದು ಬಾಳೆದಿಂಡಿನ ಹತ್ತಿರಕ್ಕೆ ನುಗ್ಗುವವರನ್ನು ಹಿಂದಕ್ಕೆ ಸರಿಸುವುದು ಮನೆಯವರ ಕೆಲಸ. ಕತ್ತಿ ಹಿಡಿದವನ ಕಣ್ಣು ಬಾಳೆಯ ಮೇಲಿರುತ್ತದೆ.

ದುಡಿ, ತಾಳ, ವಾಲಗ

ದುಡಿಯ ನಡುವಿನ ಹುರಿ ಬಿಗಿದಷ್ಟೂ ದನಿ ಏರುತ್ತದೆ, ಮಂಜಿಗೆ ಚರ್ಮ ಇಳಿಬಿದ್ದಷ್ಟೂ ದನಿ ಮಂಕಾಗುತ್ತದೆ. ಪುತ್ತರಿಯ ರಾತ್ರಿ ಮನೆಯಿಂದ ಮನೆಗೆ ಹಾಡುತ್ತ ಹೋಗುವಾಗ ಮೂರನೆಯ ಮನೆಗೇ ಅದು ಗೊತ್ತಾಗುತ್ತದೆ. ಆಗ ಕೆಂಡದ ಹತ್ತಿರ, ಗೇಣು ದೂರದಲ್ಲಿ ಹಿಡಿದು ತಿರುಗಿಸುತ್ತ ಕಾಯಿಸಬೇಕು. ಬೆರಳಿನಿಂದ ತಟ್ಟಿ ಕೇಳಿ. ದನಿ ಬಿರುಸಾದ ಕೂಡಲೇ ತೆಗೆಯಿರಿ. ಗ್ಯಾಸ್ ಒಲೆಯ ಮೇಲೆ ಹಿಡಿಯಬಾರದು, ಹೇರ್ ಡ್ರೈಯರ್ ಬಿಡಬಾರದು. ಚರ್ಮಕ್ಕೆ ಎಣ್ಣೆ ಹಚ್ಚಬಾರದು. ಬಾರಿಸಿ ಮುಗಿದ ಮೇಲೆ ಹುರಿ ಸಡಿಲ ಬಿಟ್ಟು, ಇಲಿ ಮುಟ್ಟದ ಕಡೆ ತೂಗುಹಾಕಬೇಕು.

ಹಾಡಲು ನಾಲ್ವರು ಬೇಕು, ನಾಲ್ವರ ಕೈಯಲ್ಲೂ ದುಡಿ. ಇಬ್ಬರು ಹಾಡಿದ್ದನ್ನು ಇಬ್ಬರು ಎತ್ತಿಕೊಳ್ಳುತ್ತಾರೆ. ನಡುವೆ ಐದನೆಯವನು ತನಗೆ ತೋಚಿದ ಲಯದಲ್ಲಿ ಬಾರಿಸಬಾರದು. ಪದ ಮರೆತರೆ ಸಿನಿಮಾ ರಾಗ ತುಂಬಬಾರದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳ ಸಂಗ್ರಹ ಪಟ್ಟೋಲೆ ಪಳಮೆಯನ್ನು ಅಚ್ಚು ಹಾಕಿಸಿ ಕೊಟ್ಟದ್ದು 1924ರಲ್ಲಿ. ನೂರು ವರ್ಷ ದಾಟಿದೆ. ಪುಸ್ತಕ ತೆರೆದು ಕಲಿಯಲು ಯಾರ ಅಡ್ಡಿಯೂ ಇಲ್ಲ. ಊರು ಸೇರಿ ಕುಣಿಯುವ ಬಯಲಾದ ಮಂದಿನೊಳಕ್ಕೆ ಚಪ್ಪಲಿ ಮೆಟ್ಟಿ ಇಳಿಯಬಾರದು.

ತಾಳವನ್ನು ಹುಣಸೆಹುಳಿಯಲ್ಲಿ ಉಜ್ಜಿ, ತಂತಿ ಬ್ರಷ್‌ನಿಂದ ಬೇಡ.

ಊದುವ ವಾದ್ಯಗಳ ವಿಷಯದಲ್ಲಿ ಸ್ವಲ್ಪ ಹೆದರಿಸಿಯೇ ಹೇಳಬೇಕಿದೆ. ಕೊಡಗಿನ ನಿವೃತ್ತ ಸೈನಿಕರು ಪಲ್ಟನ್ನಿನ ಬ್ಯಾಗ್‌ಪೈಪ್ ಬ್ಯಾಂಡ್ ಕೇಳಿ ಬಲ್ಲವರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ದಿನವೂ ಆ ಪೈಪ್ ಊದುತ್ತಿದ್ದ 61 ವರ್ಷದ ಒಬ್ಬರು ವರ್ಷಗಟ್ಟಲೆ ಕೆಮ್ಮಿ ಕೊನೆಗೆ ಶ್ವಾಸಕೋಶ ಹಾಳಾಗಿ ತೀರಿಹೋದರು. ಪೈಪ್ ಮನೆಯಲ್ಲೇ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಮಾತ್ರ ಅವರಿಗೆ ಆರಾಮವಾಗಿತ್ತು. ಪರೀಕ್ಷಿಸಿದಾಗ ಚೀಲದೊಳಗೂ ಪೈಪಿನ ಒಳಗೂ ಬೂಷ್ಟಿನ ಹಲವು ಜಾತಿಗಳು ಸಿಕ್ಕವು. ಈ ಪ್ರಕರಣವನ್ನು ‘ಥೋರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆ 2016ರಲ್ಲಿ ಪ್ರಕಟಿಸಿತು. ಉಸಿರಿನ ತೇವ ಕೂತ ವಾದ್ಯವನ್ನು ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಕೊಡಗಿನ ಹವೆಯಲ್ಲಿ ಇನ್ನೂ ಬೇಗ. ಊದಿ ಮುಗಿದ ಕೂಡಲೇ ಕೊಂಬನ್ನು ಬಗ್ಗಿಸಿ ಎಂಜಲು ನೀರು ಇಳಿಸಬೇಕು, ವಾಲಗದ ಕೊಳವೆಯನ್ನು ಬಟ್ಟೆ ತೂರಿಸಿ ಒರೆಸಬೇಕು, ಬಾಯಿಗಿಡುವ ಭಾಗವನ್ನು ಬಿಚ್ಚಿ ಒಣಗಿಸಬೇಕು. ಒಬ್ಬರು ಊದಿದ್ದನ್ನು ಇನ್ನೊಬ್ಬರು ತಮಾಷೆಗೆ ಬಾಯಿಗಿಡಬಾರದು.

ವಾಲಗದವರ ವಿಷಯ ಬೇರೆಯಾಗಿ ಬರೆಯಬೇಕಾದ ಸ್ಥಿತಿ ಬಂದಿರುವುದೇ ನಾಚಿಕೆ. ಮದುಮಗನನ್ನು ಕರೆತರಲು ಅವರು ಬೇಕು, ಕುಣಿಯಲು ಬೇಕು, ಸಾವಿಗೂ ಬೇಕು. ಊಟಕ್ಕೆ ಮಾತ್ರ ಕೊನೆಯ ಪಂಕ್ತಿ. ಇದು ನಿಲ್ಲಬೇಕು. ಅವರಿಗೆ ಕೂರಲು ಕುರ್ಚಿ, ಹೊತ್ತಿಗೆ ಊಟ, ಹೊರಡುವ ಮುನ್ನ ಮಾತಾಡಿದ ಹಣ ಪೂರ್ತಿ. ಹೆಸರು ಹಿಡಿದು ‘ಅಣ್ಣ’ ಸೇರಿಸಿ ಕರೆಯಿರಿ. ವಾದ್ಯದ ಹೆಸರು ಹಿಡಿದು ‘ಏಯ್ ಕೊಟ್ಟು’ ಎಂದು ಕೂಗಬಾರದು. ಕುಡಿದು ಅವರ ಕೈಯಿಂದ ಕೋಲು ಕಿತ್ತುಕೊಂಡು ಡೋಲು ಬಡಿಯಬಾರದು. ನಡುರಾತ್ರಿ ದಾಟಿದ ಮೇಲೆ ‘ಇನ್ನೊಂದು, ಇನ್ನೊಂದು’ ಎಂದು ಊದಿಸಬಾರದು. ವಾಲಗ ನಡೆಯುವಾಗ ಪಕ್ಕದಲ್ಲಿ ಡಿಜೆ ಹಾಕಬಾರದು.

ಕೋವಿ ಮತ್ತು ಪ್ರಯಾಣ

ಕೊಡವರಿಗೂ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಪುತ್ತರಿಯಲ್ಲಿ ಕತಿರು, ಅಂದರೆ ಭತ್ತದ ತೆನೆ, ಕೊಯ್ಯುವಾಗ ಗುಂಡು ಹಾರಿಸುವುದು ಪದ್ಧತಿ. ಹಾರಿಸುವವರು ಹಿರಿಯರು ಹೇಳಿದ ಒಬ್ಬರು, ನಳಿಗೆ ಆಕಾಶಕ್ಕೆ. ಕುಡಿದವರು ಕೋವಿಯನ್ನೂ ಕತ್ತಿಯನ್ನೂ ಮುಟ್ಟಬಾರದು. ಜೋಡಿ ಗುಂಡು ಊರಿಗೆ ಸಾವು ತಿಳಿಸುವ ಸದ್ದು, ತಮಾಷೆಗೆ ಹಾರಿಸಬಾರದು.

ವಿಮಾನದಲ್ಲಿ ಬರುವವರು ಪೀಚೆಕತ್ತಿಯನ್ನು ಕೈಚೀಲದಲ್ಲಿ ತರಬಾರದು. ಕೆಳಗೆ ಹಾಕುವ ಸಾಮಾನಿನಲ್ಲಿ ಇಡಬೇಕು. ವಿದೇಶಕ್ಕೆ ಒಯ್ಯುವವರು ಆ ದೇಶದ ನಿಯಮ ಮೊದಲೇ ವಿಚಾರಿಸಬೇಕು. ತಪಾಸಣೆಯವರಿಗೆ ಅದು ಮುತ್ತಜ್ಜನದೆಂಬುದು ಗೊತ್ತಿರುವುದಿಲ್ಲ, ಗೊತ್ತಾದರೂ ಬಿಡುವುದಿಲ್ಲ.

ಪುತ್ತರಿಯ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಶ್ಚಯವಾಗುತ್ತದೆ. ಅದು ತಿಳಿಯುವವರೆಗೆ ಕಾಯಬೇಡಿ. ಈ ಭಾನುವಾರವೇ ಕಪಾಟು ತೆರೆದು ಕುಪ್ಯ ಗಾಳಿಗೆ ಹಾಕಿ, ಕತ್ತಿ ಒರೆಯಿಂದ ಎಳೆದು ನೋಡಿ, ದುಡಿ ತಟ್ಟಿ ಕೇಳಿ. ರಿಪೇರಿ ಮಾಡುವವರು ಊರಿಗೆ ಒಬ್ಬಿಬ್ಬರೇ ಉಳಿದಿದ್ದಾರೆ. ಹಬ್ಬದ ವಾರ ಅವರಿಗೆ ಪುರಸೊತ್ತಿರುವುದಿಲ್ಲ.